ತಲೆ ಕೊಟ್ಟ ಭಾವ

ಭಾವನ ಹಣೆಯ ನಡುವೆ ಚರ್ಮ ದಪ್ಪಗಟ್ಟಿತ್ತು, ಬರಿಗಾಲಲ್ಲಿ ನಡೆಯುವವರ ಹಿಮ್ಮಡಿಯ ಹಾಗೆ. ಅದರ ಮೇಲೆ ಓರೆಯಾಗಿ ಕೆಲವು ಬಿಳಿ ಗೆರೆಗಳು. ಆಗಿನ ಫುಟ್‌ಬಾಲಿನ ಬಾಯಿಯನ್ನು ಚರ್ಮದ ದಾರದಿಂದ ಬಿಗಿದು ಕಟ್ಟುತ್ತಿದ್ದರು. ಎತ್ತರದಿಂದ ಬರುವ ಚೆಂಡಿಗೆ ಹಣೆ ಕೊಡುವಾಗ ಆ ಕಟ್ಟು ತಾಗಿದರೆ ಚರ್ಮ ಹರಿಯುತ್ತಿತ್ತು. ಅಕ್ಕನ ಮದುವೆಯ ದಿನ ಭಾವನ ಹಣೆಗೆ ಹಚ್ಚಿದ ಗಂಧ ಸೆಕೆಗೆ ಬೆವರಿ ಹೋಗಿ, ಆ ಗೆರೆಗಳಲ್ಲಿ ಮಾತ್ರ ಉಳಿದು ಒಣಗಿತ್ತು. ಚಪ್ಪರದಡಿ ಹೆಂಗಸರು ಮೊಣಕೈಯಲ್ಲಿ ತಿವಿದುಕೊಂಡು, “ಮದುಮಗನಿಗೆ ಹಣೆಯಲ್ಲಿ ಏನದು?” ಎಂದು ಪಿಸುಗುಟ್ಟಿದರು. ಭಾವನ ಕಿವಿಗೆ ಅದು ಬಿತ್ತು. ತಿರುಗಿ ನೋಡಿ, “ಅದು ನನ್ನ ಅನ್ನದ ಬಟ್ಟಲು,” ಎಂದು ನಕ್ಕರು.

ಮದುಮಗ ಹಾಗೆ ಬಾಯಿಬಿಟ್ಟು ಮಾತಾಡಿದ್ದು ಅಪ್ಪನಿಗೆ ಹಿಡಿಸಲಿಲ್ಲ. ಅಪ್ಪನಿಗೆ ಮೊದಲಿನಿಂದಲೇ ಈ ಸಂಬಂಧದಲ್ಲಿ ಮನಸ್ಸಿರಲಿಲ್ಲ. ಬಂಟ್ವಾಳ ಪೇಟೆಯಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ ಅವರಿಗೆ ಅಳೆಯುವ, ತೂಗುವ ಕೆಲಸ ಮಾತ್ರ ಕೆಲಸವೆಂದು ಗೊತ್ತು. “ಚೆಂಡು ಆಡುವುದು ಒಂದು ಉದ್ಯೋಗವಾ ಮಾರಾಯ? ನಾಳೆ ಕಾಲು ಮುರಿದರೆ ಇವಳಿಗೆ ಗಂಜಿ ಯಾರು ಹಾಕುವುದು?” ಎಂದು ದಲ್ಲಾಳಿಯನ್ನು ಎರಡು ಸಲ ಹಿಂದೆ ಕಳಿಸಿದ್ದರು. ಅಕ್ಕ ಒಳಗಿನಿಂದಲೇ, “ನನಗೆ ಅಡ್ಡಿಯಿಲ್ಲ,” ಎಂದು ಹೇಳಿಕಳಿಸಿದ್ದರಿಂದ ಮದುವೆ ನಡೆಯಿತು. ಅಪ್ಪ ಹೆದರಿದ್ದು ಕಾಲಿಗೆ. ತಲೆಯ ವಿಷಯ ಯಾರಿಗೂ ಹೊಳೆದಿರಲಿಲ್ಲ.

ಭಾವ ಬಂಟ್ವಾಳದ ಹತ್ತಿರದ ನರಿಕೊಂಬಿನವರು. ಬೇಸಿಗೆಯಲ್ಲಿ ನೇತ್ರಾವತಿಯ ನೀರು ಇಳಿದು ಹೊಯಿಗೆಯ ದಿಣ್ಣೆ ಮೇಲೆದ್ದಾಗ ಅದರ ಮೇಲೆ ಬರಿಗಾಲಲ್ಲಿ ಆಡಿ ಕಲಿತವರು. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಗಿ ನೆಂಟರ ಹೋಟೆಲಿನಲ್ಲಿ ತಟ್ಟೆ ತೊಳೆದರು. ರಜೆಯ ದಿನ ಮೈದಾನದಲ್ಲಿ ಆಡುತ್ತಿದ್ದಾಗ ಒಂದು ಬಟ್ಟೆ ಮಿಲ್ಲಿನವರ ಕಣ್ಣಿಗೆ ಬಿದ್ದರು. ಆ ಕಾಲದಲ್ಲಿ ದೊಡ್ಡ ದೊಡ್ಡ ಮಿಲ್ಲುಗಳಿಗೆ ತಮ್ಮದೇ ತಂಡಗಳಿದ್ದವು. ಭಾವನಿಗೆ ಹೆಸರಿಗೆ ನೇಯ್ಗೆ ವಿಭಾಗದಲ್ಲಿ ಕೆಲಸ; ಮಾಡಬೇಕಾದದ್ದು ಆಟ ಮಾತ್ರ. ಮಗ್ಗದ ಹತ್ತಿರ ಹೋದವರೇ ಅಲ್ಲ. ಬೆಳಿಗ್ಗೆ ಓಟ, ಸಂಜೆ ಆಟ, ಪರೇಲಿನ ಚಾಳಿನಲ್ಲಿ ಒಂದು ಕೋಣೆ. ತಂಡದ ನಡುವೆ ಕಂಬದಂತೆ ನಿಂತು ಬಂದ ಚೆಂಡನ್ನೆಲ್ಲ ತಲೆಯಿಂದ ಹಿಂದಕ್ಕಟ್ಟುವುದು ಅವರ ಪಾಲಿನದು. “ಕಾಲು ಸುಳ್ಳು ಹೇಳುತ್ತದೆ. ಈ ಕಡೆ ತೋರಿಸಿ ಆ ಕಡೆ ಹೊಡೆಯುತ್ತದೆ. ತಲೆಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ,” ಎನ್ನುತ್ತಿದ್ದರು.

ಮದುವೆಯ ಮರುವರ್ಷ ನನ್ನ ಹೈಸ್ಕೂಲು ಮುಗಿದಿತ್ತು. ಅಕ್ಕ ಒಬ್ಬಳೇ ಆಗುತ್ತಾಳೆಂದು ನನ್ನನ್ನು ಜೊತೆಗೆ ಕಳಿಸಿದರು. ಮಳೆಗಾಲ ಹಿಡಿಯುವ ಮೊದಲು ಮಂಗಳೂರಿನಿಂದ ಹೊರಡುವ ಕೊನೆಯ ಹಡಗಿನಲ್ಲಿ ನಾವು ಬೊಂಬಾಯಿಗೆ ಹೋದೆವು. ಭಾವ ಹಡಗು ನಿಲ್ಲುವ ಧಕ್ಕೆಗೆ ಬಂದು ನಮ್ಮ ಉಪ್ಪಿನಕಾಯಿ ಭರಣಿಯನ್ನು ತಲೆಯ ಮೇಲಿಟ್ಟುಕೊಂಡು, ಕೈ ಬಿಟ್ಟು, ಆ ಜನಜಂಗುಳಿಯಲ್ಲಿ ಟ್ರಾಮಿನವರೆಗೆ ನಡೆದರು. ಅಕ್ಕ ಹೆದರಿ ಹೆದರಿ ಹಿಂದೆ ಹೋಗುತ್ತಿದ್ದಳು. ಅವರ ಸಂತೋಷ ಹಾಗೆ ಇರುತ್ತಿತ್ತು, ಏನಾದರೊಂದು ತಲೆಯ ಮೇಲೆ ಇರಬೇಕು. ಮನೆಯಲ್ಲಿ ಮಾತ್ರ ಮೆತ್ತಗಿನ ಮನುಷ್ಯ. ಬೂಟಿಗೆ ತಾವೇ ಎಣ್ಣೆ ಹಚ್ಚುತ್ತಿದ್ದರು, ಅಕ್ಕ ಮುಟ್ಟಬಾರದು. ಮೀನಿನ ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕುತ್ತಿದ್ದರು. ಗಂಡಸರು ಹಾಗೆ ಮಾಡುವುದನ್ನು ನಾನು ನಮ್ಮ ಊರಲ್ಲಿ ಕಂಡಿರಲಿಲ್ಲ.

ಬೊಂಬಾಯಿಯ ಫುಟ್‌ಬಾಲು ಮಳೆಗಾಲದ ಆಟ. ಆ ವರ್ಷದ ಒಂದು ದೊಡ್ಡ ಪಂದ್ಯಕ್ಕೆ ಭಾವ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಹೆಂಗಸರ ಬೆಂಚಿನಲ್ಲಿ ಕೂರಿಸಿದರು. ಜಡಿಮಳೆ. ಚರ್ಮದ ಚೆಂಡು ನೀರು ಕುಡಿದು ಕುಡಿದು ತೆಂಗಿನಕಾಯಿಯ ಹಾಗೆ ಭಾರವಾಗಿತ್ತು. ನೆಲಕ್ಕೆ ಬಿದ್ದರೆ ಪುಟಿಯುತ್ತಿರಲಿಲ್ಲ, ದೊಪ್ಪೆಂದು ಕೂರುತ್ತಿತ್ತು. ಎದುರಾಳಿಗಳು ಅದನ್ನು ಎತ್ತಿ ಎತ್ತಿ ಒದ್ದರು. ಅಷ್ಟಕ್ಕೂ ಭಾವ ಹಾರಿ ತಲೆ ಕೊಟ್ಟರು. ತಾಗುವ ಸದ್ದು ನಮ್ಮ ಬೆಂಚಿನವರೆಗೆ ಕೇಳುತ್ತಿತ್ತು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ.

ಒಮ್ಮೆ ಹಾರಿದವರು ಹಾಗೆಯೇ ಕೆಳಗೆ ಬಿದ್ದರು. ಕೈ ಕಾಲು ಚೆಲ್ಲಿ ಕೆಸರಿನಲ್ಲಿ ಮಲಗಿದ್ದರು. ಅಕ್ಕ ನನ್ನ ರಟ್ಟೆ ಹಿಡಿದು ಎದ್ದು ನಿಂತಳು. ಮಿಲ್ಲಿನ ಆಟದ ಉಸ್ತುವಾರಿ ನೋಡಿಕೊಳ್ಳುವ ಸಾಹೇಬರೊಬ್ಬರಿದ್ದರು, ಬಿಳಿ ಪ್ಯಾಂಟಿನವರು. ಅವರು ಓಡಿಹೋಗಿ ಮುಖಕ್ಕೆ ನೀರು ಎರಚಿದರು, ಮೂಗಿಗೆ ಏನೋ ಹಿಡಿದರು, ಕೆನ್ನೆಗೆ ಎರಡು ತಟ್ಟಿದರು. ಭಾವ ಎದ್ದು ಕೂತರು, ನಿಂತರು, ತಲೆ ಒದರಿದರು. ಜನ ಹೋ ಎಂದಿತು. ಆಟ ಮುಗಿಯುವ ಮೊದಲು ಒಂದು ಮೂಲೆಯಿಂದ ಬಂದ ಚೆಂಡಿಗೆ ಹಣೆ ಕೊಟ್ಟು ಗೋಲನ್ನೂ ಹೊಡೆದರು. ಜನ ಅವರನ್ನು ಹೊತ್ತುಕೊಂಡು ಕುಣಿಯಿತು. ಸಾಹೇಬರು ನಮ್ಮ ಬೆಂಚಿನ ಹತ್ತಿರ ಬಂದು ಅಕ್ಕನಿಗೆ, “ನಿನ್ನ ಗಂಡನದು ಕಲ್ಲಿನ ತಲೆಯಮ್ಮಾ, ಏನೂ ಆಗುವುದಿಲ್ಲ,” ಎಂದು ಹಿಂದಿಯಲ್ಲಿ ಹೇಳಿ ಹೋದರು.

ಹಿಂದಿರುಗುವಾಗ ಟ್ರಾಮಿನಲ್ಲಿ ಭಾವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ನಾವು ಗೆದ್ದೆವಾ?”

ತಮಾಷೆ ಎಂದುಕೊಂಡೆ. “ನೀವೇ ಅಲ್ಲವಾ ಭಾವ, ಗೋಲು ಹೊಡೆದದ್ದು?”

“ಹೌದಾ? ಹೇಗೆ ಹೊಡೆದೆ, ಹೇಳು ನೋಡುವ.”

ನಾನು ಉತ್ಸಾಹದಿಂದ ಹೇಳಿದೆ. ಅವರು ಯಾರದೋ ಕಥೆ ಕೇಳುವ ಮಗುವಿನ ಹಾಗೆ ಕೇಳಿದರು. “ಒಳ್ಳೆ ಗೋಲು ಮಾರಾಯ್ತಿ,” ಎಂದರು. ನಾನು ನಕ್ಕೆ. ಅಕ್ಕ ನಗಲಿಲ್ಲ. ಕೋಣೆಗೆ ಬಂದ ಮೇಲೆ ಅವಳು ದೀಪ ಹಚ್ಚಲಿಕ್ಕೆ ಹೋದಾಗ ಭಾವ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು, “ಬೇಡ, ಬೆಳಕು ಕುತ್ತುತ್ತದೆ,” ಎಂದರು.

ನಾನು ಊರಿಗೆ ಬಂದ ಮೇಲೆ ಕೆಲವು ವರ್ಷ ಹಾಗೆಯೇ ನಡೆಯಿತು. ತಂಡ ಗೆಲ್ಲುತ್ತಿತ್ತು, ಬಂಟ್ವಾಳದವರು ಬೊಂಬಾಯಿಯಿಂದ ಬಂದವರ ಬಾಯಲ್ಲಿ ಕೇಳಿ ಹಿಗ್ಗುತ್ತಿದ್ದರು. ಅಪ್ಪ ಕೂಡ ಅಂಗಡಿಗೆ ಬಂದವರೆದುರು, “ನಮ್ಮ ಅಳಿಯ,” ಎಂದು ಮಾತು ತೆಗೆಯುವಷ್ಟಾದರು. ಆಮೇಲೆ ಒಂದು ಪಂದ್ಯದಲ್ಲಿ ಭಾವ ಚೆಂಡನ್ನು ತಪ್ಪು ದಿಕ್ಕಿಗೆ ಅಟ್ಟಿ ಎದುರಾಳಿಗೆ ಕೊಟ್ಟರಂತೆ. ಅರ್ಧ ಆಟವಾದ ಮೇಲೆ ಎರಡೂ ತಂಡಗಳು ದಿಕ್ಕು ಬದಲಿಸುತ್ತವೆ. ಅದು ಅವರಿಗೆ ಮರೆತುಹೋಗಿತ್ತು. ಮತ್ತೊಂದರಲ್ಲಿ ತಮ್ಮದೇ ಗೋಲಿಗೆ ಹೊಡೆದರು. ದುಡ್ಡು ತಿಂದಿದ್ದಾನೆ ಎಂದು ಜನ ಚಪ್ಪಲಿ ಎಸೆದರು. ಬಿಳಿ ಪ್ಯಾಂಟಿನ ಸಾಹೇಬರು ಕರೆದು, ಹೊಸಬರಿಗೂ ಜಾಗ ಬೇಕಲ್ಲ, ಇನ್ನು ಮಗ್ಗದ ಕೆಲಸಕ್ಕೆ ಹೋಗು ಎಂದರು. ಮಗ್ಗ ಗೊತ್ತಿಲ್ಲದವನನ್ನು ಮಗ್ಗದ ಮುಂದೆ ನಿಲ್ಲಿಸಿ, ಆಮೇಲೆ ಕೆಲಸ ಬರುವುದಿಲ್ಲ ಎಂದು ತೆಗೆದರು. ಕಲ್ಲಿನ ತಲೆ ಎಂದವರಿಗೆ ಆ ಕಲ್ಲು ಒಡೆದದ್ದು ಗೊತ್ತಾಗಲಿಲ್ಲವೆಂದು ನಾನು ಈಗಲೂ ನಂಬುವುದಿಲ್ಲ.

ಅವರು ಊರಿಗೆ ಬಂದಾಗ ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಹೆಡ್‌ಮಾಸ್ತರರಲ್ಲಿ ಹೇಳಿ ಭಾವನಿಗೆ ಅಲ್ಲಿಯೇ ಡ್ರಿಲ್ ಮಾಸ್ತರರ ಕೆಲಸ ಕೊಡಿಸಿದೆ. ಅಕ್ಕ ಭಾವ ನನ್ನ ಬಾಡಿಗೆ ಮನೆಗೇ ಬಂದರು. ಅವರಿಗೆ ಮಕ್ಕಳಾಗಿರಲಿಲ್ಲ. ಮೊದಲ ವರ್ಷ ಚೆನ್ನಾಗಿಯೇ ಇತ್ತು. ಶಾಲೆಯ ಹುಡುಗರು ಅವರನ್ನು ಬಿಟ್ಟು ಕದಲುತ್ತಿರಲಿಲ್ಲ. ಹಣೆಯ ಮೇಲೆ ಚೆಂಡು ಕೂರಿಸಿಕೊಂಡು ಬಸದಿಯ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ಅಂಗಡಿಯವರು ಗಿರಾಕಿಗಳನ್ನು ಬಿಟ್ಟು ಹೊರಗೆ ಬರುತ್ತಿದ್ದರು.

ಎರಡನೆಯ ವರ್ಷ ಸಿಟ್ಟು ಶುರುವಾಯಿತು. ಚೆಂಡು ಮೇಲಿನಿಂದ ಬರುವಾಗ ಒಬ್ಬ ಹುಡುಗ ಹೆದರಿ ತಲೆ ತಗ್ಗಿಸಿದ. ಭಾವ ಹೋಗಿ, “ತಲೆ ತಪ್ಪಿಸಿದೆಯಾ?” ಎಂದು ಅವನ ಕೆನ್ನೆಗೆ ಬಾರಿಸಿದರು. ಹುಡುಗನ ಕಿವಿಯಲ್ಲಿ ರಕ್ತ ಬಂತು. ತಂದೆ ನಾಲ್ಕು ಜನರನ್ನು ಕರೆದುಕೊಂಡು ಶಾಲೆಗೆ ಬಂದ. ಹೆಡ್‌ಮಾಸ್ತರರು ಒಳ್ಳೆಯವರೇ, ಆದರೆ ಅವರಿಗೆ ಬೇರೆ ದಾರಿ ಇರಲಿಲ್ಲ. ಆ ದಿನವೇ ಭಾವನನ್ನು ಕೂರಿಸಿ ಇನ್ನು ಬರಬೇಡಿ ಎಂದರು. ಭಾವ ತಲೆಯಾಡಿಸಿದರು.

ಮರುದಿನ ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದಾಗ ಕಿಟಕಿಯಲ್ಲಿ ಕಂಡರು. ಇಸ್ತ್ರಿ ಮಾಡಿದ ಚಡ್ಡಿ, ಕೊರಳಿನಲ್ಲಿ ಸೀಟಿ, ಬಗಲಿನಲ್ಲಿ ಚೆಂಡು. ಖಾಲಿ ಮೈದಾನದ ನಡುವೆ ಹುಡುಗರಿಗಾಗಿ ಕಾಯುತ್ತ ನಿಂತಿದ್ದರು. ಹಿಂದಿನ ದಿನದ ಯಾವುದೂ ಅವರಿಗೆ ನೆನಪಿರಲಿಲ್ಲ. ಹುಡುಗರು ಕಿಟಕಿಗೆ ಮುಗಿಬಿದ್ದು ಕಿಸಕ್ಕೆಂದರು. ನಾನು ಪಾಠ ನಿಲ್ಲಿಸಿ ಇಳಿದು ಹೋಗಿ, “ಭಾವ, ಇವತ್ತು ರಜೆ,” ಎಂದೆ. “ಮತ್ತೆ ನೀನು ಯಾಕೆ ಬಂದದ್ದು?” ಎಂದರು. ಕೈಹಿಡಿದು ಮನೆಗೆ ಕರೆದುಕೊಂಡು ಹೋದೆ.

ಊರಿನವರು ಕಾರಣ ಕಂಡುಹಿಡಿದರು. ಬೊಂಬಾಯಿಯಲ್ಲಿ ಕುಡಿದದ್ದು ಈಗ ಹೊರಗೆ ಬರುತ್ತಾ ಉಂಟು ಎಂದರು. ಭಾವ ಹೆಂಡದ ವಾಸನೆಗೇ ಮುಖ ಸಿಂಡರಿಸುವವರು. ದೈವದ ಹರಕೆ ಬಾಕಿ ಉಂಟು ಎಂದರು. ಅಕ್ಕ ಪೊಳಲಿಯ ದೇವಿಯ ಗುಡಿಗೆ ಹೋದಳು, ಹರಕೆ ಹೊತ್ತಳು, ನೂಲು ಕಟ್ಟಿಸಿದಳು. ಕೊನೆಗೆ ನಾನು ಹಟ ಹಿಡಿದ ಮೇಲೆ ಭಾವನನ್ನು ಮಂಗಳೂರಿಗೆ, ಒಬ್ಬ ದೊಡ್ಡ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಣ್ಣಿಗೆ ಬೆಳಕು ಹಾಕಿ, ಮಂಡಿಗೆ ತಟ್ಟಿ, ಹಣೆ ಮುಟ್ಟಿ ನೋಡಿ ಕೇಳಿದರು: “ನಿಮ್ಮ ತಲೆಗೆ ಏಟು ಬಿದ್ದದ್ದು ಉಂಟಾ?”

ಭಾವ ಬೆನ್ನು ನೆಟ್ಟಗೆ ಮಾಡಿ ಕೂತರು. “ಏಟು ಬಿದ್ದದ್ದಲ್ಲ ಡಾಕ್ಟ್ರೇ. ನಾನೇ ಕೊಟ್ಟದ್ದು.”

ಡಾಕ್ಟರು ಅಕ್ಕನ ಮುಖ ನೋಡಿದರು. ಆಮೇಲೆ ಭಾವನನ್ನು ಹೊರಗೆ ಕೂರಿಸಿ ನಮ್ಮಿಬ್ಬರಿಗೆ, ಮುಷ್ಟಿ ಕಾಳಗದವರಲ್ಲಿ ಹೀಗಾಗುವುದನ್ನು ಓದಿದ್ದೇನೆ, ಚೆಂಡಿನಿಂದ ಆಗುತ್ತದೋ ಇಲ್ಲವೋ ನಾನು ಹೇಳಲಾರೆ, ಮದ್ದು ಮಾತ್ರ ಇಲ್ಲ ಎಂದರು. ಗೊತ್ತಿಲ್ಲ ಎಂದು ಒಪ್ಪಿಕೊಂಡ ಒಬ್ಬರೇ ಮನುಷ್ಯ ಅವರು. ಉಳಿದವರಿಗೆಲ್ಲ ಗೊತ್ತಿತ್ತು.

ಇಷ್ಟಾದ ಮೇಲೆ ಬೆಳ್ತಂಗಡಿಯವರು ಬಂದರು. ಅಲ್ಲಿ ಒಂದು ಫುಟ್‌ಬಾಲ್ ಪಂದ್ಯಾಟ ಏರ್ಪಡಿಸಿದ್ದರು. ಕಾರ್ಯದರ್ಶಿ ಒಬ್ಬ ಯುವ ವಕೀಲ. “ನಮ್ಮ ಜಿಲ್ಲೆಯ ಹೆಮ್ಮೆ ಅವರು, ಒಂದು ಶಾಲು ಹೊದಿಸುವ,” ಎಂದ. ಅಕ್ಕ ಬೇಡವೆಂದಳು. ಭಾವ ಪೆಟ್ಟಿಗೆಯಿಂದ ತಮ್ಮ ಹಳೆಯ ಕೋಟನ್ನು ತೆಗೆದು ಬಿಸಿಲಿಗೆ ಹಾಕಿಬಿಟ್ಟಿದ್ದರು. ಅದನ್ನು ನೋಡಿ ಅವಳಿಗೆ ಇಲ್ಲವೆನ್ನಲಾಗಲಿಲ್ಲ.

ವೇದಿಕೆಯ ಮೇಲೆ ಭಾವ ಒಳ್ಳೆಯ ರೀತಿಯಲ್ಲೇ ಕೂತಿದ್ದರು. ಭಾಷಣ ಆಯಿತು, ಶಾಲು ಆಯಿತು, ಆಟ ಶುರುವಾಯಿತು. ನಡುವೆ ಒಂದು ಚೆಂಡು ಎತ್ತರಕ್ಕೆ ಹೋದದ್ದೇ ಭಾವ ಎದ್ದರು. ಯಾರೂ ಹಿಡಿಯುವ ಮೊದಲು ವೇದಿಕೆ ಇಳಿದು, ಪಂಚೆ ಎತ್ತಿ ಕಟ್ಟಿ, ಕೊರಳಿನ ಶಾಲಿನ ಸಮೇತ ಮೈದಾನಕ್ಕೆ ಓಡಿದರು. ಹುಡುಗರ ನಡುವೆ ನಿಂತು, “ನನಗೆ ಬಿಡಿ, ನನ್ನದು,” ಎಂದು ಕೂಗಿ ಹಾರಿದರು. ಚೆಂಡು ಅವರಿಂದ ಎಷ್ಟೋ ದೂರ ಬಿದ್ದಿತ್ತು. ಜನ ನಗಲಿಕ್ಕೆ ಶುರು ಮಾಡಿತು. ರೆಫರಿ ಸೀಟಿ ಊದಿದ. ಭಾವ ಅವನ ಜೊತೆ ಹಿಂದಿಯಲ್ಲಿ ಜಗಳಕ್ಕೆ ನಿಂತರು. ಜನಕ್ಕೆ ಇನ್ನೂ ಖುಷಿಯಾಯಿತು. ಯಾರೋ ಒಬ್ಬ, “ಒಂದು ಹೆಡ್ ಹೊಡೆದು ತೋರಿಸಿ ಅಣ್ಣಾ!” ಎಂದು ಬೊಬ್ಬೆ ಹಾಕಿದ. ಇನ್ನೊಬ್ಬ ನಿಜವಾಗಿಯೂ ಚೆಂಡನ್ನು ಅವರ ಕಡೆ ಎಸೆದ. ಭಾವ ತಲೆ ಕೊಟ್ಟರು. ಚಪ್ಪಾಳೆ. “ಇನ್ನೊಂದು!” ಮತ್ತೆ ಕೊಟ್ಟರು. ಕಾರ್ಯದರ್ಶಿ ನಗುತ್ತ ನಿಂತಿದ್ದ, ನಿಲ್ಲಿಸಲಿಲ್ಲ.

ಅಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆ ದಾಟಿ ಮೈದಾನದ ನಡುವೆ ಹೋದಳು. ಅಷ್ಟು ಗಂಡಸರ ಎದುರು ಒಬ್ಬ ಹೆಂಗಸು ಹಾಗೆ ನಡೆದು ಹೋದದ್ದಕ್ಕೆ ನಗು ತನ್ನಷ್ಟಕ್ಕೆ ನಿಂತಿತು. ಅವಳು ಬರುವುದನ್ನು ನೋಡಿ ಭಾವ ಗಾಬರಿಯಾದರು. “ಮೈದಾನದ ಒಳಗೆ ಹೆಂಗಸರು ಬರಬಾರದು ಮಾರಾಯ್ತಿ, ಸಾಹೇಬರು ಬೈಯುತ್ತಾರೆ.”

“ಸಾಹೇಬರೇ ಕಳಿಸಿದ್ದು. ನಿಮ್ಮನ್ನು ಕರೆಯುತ್ತಾರೆ, ಹೋಗುವ,” ಎಂದಳು ಅಕ್ಕ.

ಅವರು ಕೂಡಲೇ ವಿಧೇಯರಾಗಿ ಹಿಂದೆ ಬಂದರು. ಕಾರ್ಯದರ್ಶಿ ಎದುರಾದಾಗ ಅಕ್ಕ ಶಾಲನ್ನು ತೆಗೆದು ಅವನ ಕೈಗೆ ಕೊಟ್ಟಳು. “ನೀವು ನಗಾಡಿ ಆಯ್ತಲ್ಲ. ಇದು ನಿಮ್ಮಲ್ಲೇ ಇರಲಿ.”

ಅವಳು ಇಷ್ಟು ಗಟ್ಟಿಯಾದ ಹೆಂಗಸು; ಮನೆಯೊಳಗೆ ಅವಳಿಗೆ ಏಟು ಬೀಳುತ್ತಿದ್ದುದು ನನಗೇ ಬಹಳ ತಡವಾಗಿ ಗೊತ್ತಾಯಿತು. ಒಂದು ದಿನ ರವಿಕೆಯ ತೋಳಿನ ಕೆಳಗೆ ನೀಲಿಗಟ್ಟಿದ ಗುರುತು ಕಂಡಿತು. ಅವಳಿಗೆ ಮೀನಿನ ಮುಳ್ಳು ಬಿಡಿಸಿಕೊಡುತ್ತಿದ್ದ ಕೈಯೇ ಹೊಡೆದದ್ದು. ಅಪ್ಪನಿಗೆ ಸುದ್ದಿ ಮುಟ್ಟಿ ಬಂಟ್ವಾಳದಿಂದ ಬಸ್ಸು ಹಿಡಿದು ಬಂದರು. “ಸಾಕು, ಬಾ. ಸಂಬಂಧ ಬಿಡಿಸುವ. ನಮ್ಮಲ್ಲಿ ಅದು ಇಲ್ಲದ್ದೇನಲ್ಲ,” ಎಂದರು.

ಭಾವ ಜಗಲಿಯಲ್ಲಿ ಕೂತು ಮಾವನನ್ನು ನೋಡಿ ಗುರುತು ಸಿಗದೆ ನಗುತ್ತಿದ್ದರು. ಅಕ್ಕ ಅವರನ್ನು ತೋರಿಸಿ ಹೇಳಿದಳು: “ಹೊಡೆದದ್ದು ಅವರಿಗೆ ನೆನಪಿರುತ್ತಿದ್ದರೆ ಬಿಟ್ಟು ಬರುತ್ತಿದ್ದೆ ಅಪ್ಪ.”

ಅಕ್ಕ ಮಾಡಿದ್ದು ಸರಿಯೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅವಳ ಪ್ರಾಯದ ಅಷ್ಟು ವರ್ಷಗಳನ್ನು ಆ ಮಿಲ್ಲಿನವರು ಭಾವನ ತಲೆಯ ಜೊತೆಗೇ ತೆಗೆದುಕೊಂಡರು ಎಂದೇ ನನ್ನ ಲೆಕ್ಕ. ಆದರೆ ಬಿಟ್ಟು ಬಾ ಎಂದು ಹೇಳುವ ಬಾಯಿ ನನಗಿರಲಿಲ್ಲ. ಅದಕ್ಕೆ ಕಾರಣ ಉಂಟು.

ನಾನು ಬೊಂಬಾಯಿಯಿಂದ ಹಿಂದೆ ಬಂದ ವರ್ಷ ಅಪ್ಪ ನನಗೆ ಗಂಡು ನೋಡಿದ್ದರು. ನನಗೆ ಟೀಚರ್ ಟ್ರೈನಿಂಗಿಗೆ ಹೋಗುವ ಆಸೆ. ಹೇಳುವ ಧೈರ್ಯ ಇರಲಿಲ್ಲ. ಆಟವಿಲ್ಲದ ತಿಂಗಳಲ್ಲಿ ಅಕ್ಕ ಭಾವ ಮನೆಗೆ ಬಂದರು. ಅಕ್ಕನ ಬಾಯಲ್ಲಿ ವಿಷಯ ತಿಳಿದ ಭಾವ ಊಟಕ್ಕೆ ಕೂತಾಗ ತೆಗೆದರು: “ಮಾವ, ಇವಳಿಗೆ ಟ್ರೈನಿಂಗ್ ಮಾಡಿಸುವ.”

“ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ?” ಎಂದರು ಅಪ್ಪ.

“ಮೈ ನಂಬಿ ಬದುಕುವವನ ಕಥೆ ಬೇಗ ಮುಗಿಯುತ್ತದೆ ಮಾವ. ನನಗೆ ಗೊತ್ತುಂಟು. ಇವಳಾದರೂ ತಲೆಕೂದಲು ನರೆಯುವವರೆಗೆ ಮಾಡುವ ಕೆಲಸ ಕಲಿಯಲಿ.”

ಅಪ್ಪ ಮಾತು ಬೇರೆ ಕಡೆ ತಿರುಗಿಸಿದರು. ಭಾವ ಎಲೆಯ ಮುಂದೆ ಕೈಕಟ್ಟಿ ಕೂತರು. ಬಡಿಸಿದ ಅನ್ನ ಆರಿತು, ಕೋಳಿ ಸಾರಿನ ಮೇಲೆ ಎಣ್ಣೆ ಕಟ್ಟಿತು. ಅಳಿಯ ಎಲೆಯಿಂದ ಉಣ್ಣದೆ ಎದ್ದರೆ ಆ ಮನೆಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಅಮ್ಮ ಬಾಗಿಲ ಸಂದಿಯಲ್ಲಿ ಕಣ್ಣೊರೆಸಿಕೊಂಡಳು. ಕೊನೆಗೆ ಅಪ್ಪ, “ಆಯ್ತು ಮಾರಾಯ, ಹೋಗಲಿ ಅವಳು. ನೀನು ಉಣ್ಣು,” ಎಂದರು. ನಾನು ಟೀಚರಾದದ್ದು ಹಾಗೆ.

ಕೊನೆಯ ವರ್ಷ ಭಾವನಿಗೆ ನಾನು ಯಾರೆಂದು ಮರೆತುಹೋಯಿತು. ದಿನಾ ಚೀಲ ಹಾಕಿಕೊಂಡು ಶಾಲೆಗೆ ಹೋಗುವುದು ಕಾಣುತ್ತಿತ್ತಲ್ಲ, ಆದ್ದರಿಂದ ಟೀಚರ್ ಎಂದು ಮಾತ್ರ ತಿಳಿದಿತ್ತು. ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದರು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಬಹಳ ಸಂಕೋಚದಿಂದ, “ಟೀಚರ್, ನಿಮ್ಮನ್ನು ಇಷ್ಟು ಓದಿಸಿದ್ದು ಯಾರು?” ಎಂದು ಕೇಳಿದರು.

“ನನ್ನ ಭಾವ,” ಎಂದೆ.

“ಒಳ್ಳೆಯ ಜನ ಇರಬೇಕು,” ಎಂದರು. “ಅವರು ಈಗ ಎಲ್ಲಿದ್ದಾರೆ?”

ಚಮಚೆಯನ್ನು ಬಟ್ಟಲಿನಲ್ಲಿಟ್ಟೆ. ಅವರ ಗಲ್ಲ ಒರೆಸಿದೆ.

ಮಳೆಗಾಲ ಶುರುವಾದ ಮೇಲೆ ಜ್ವರ ಬಂತು. ಅದು ಬಿಡಲಿಲ್ಲ. ಒಂದು ಮುಂಜಾನೆ ಅಕ್ಕ ಕಾಫಿ ತಂದಾಗ ಹೋಗಿಬಿಟ್ಟಿದ್ದರು. ಆಗ ಅವರಿಗೆ ನಲವತ್ತೂ ಮುಗಿದಿರಲಿಲ್ಲ. ಬಾಣಲೆಯಂತೆ ಅಗಲವಿದ್ದ ಎದೆ ಕುಸಿದು, ನೋಡುವವರಿಗೆ ಅಜ್ಜನ ಹಾಗೆ ಕಾಣುತ್ತಿದ್ದರು.

ಸುದ್ದಿ ಹೇಗೆ ಮುಟ್ಟಿತೋ, ಮಧ್ಯಾಹ್ನದೊಳಗೆ ಬೆಳ್ತಂಗಡಿಯ ಕಾರ್ಯದರ್ಶಿ ಕೊಡೆ ಹಿಡಿದುಕೊಂಡು ಬಂದ. ಜೊತೆಗೆ ಇಬ್ಬರು, ಒಂದು ದೊಡ್ಡ ಹಾರ. ಅಂಗಳದಲ್ಲಿ ನಿಂತು ತಗ್ಗಿದ ದನಿಯಲ್ಲಿ, “ದೊಡ್ಡ ಆಟಗಾರರನ್ನು ಕಳೆದುಕೊಂಡೆವು ಅಕ್ಕಾ. ನಮ್ಮ ಪಂದ್ಯಾಟಕ್ಕೆ ಅವರದೇ ಹೆಸರು ಇಡುವ ಅಂತ ಉಂಟು,” ಎಂದ.

ಅಕ್ಕ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ಆಟಗಾರರು ಹೋಗಿ ಎಷ್ಟೋ ವರ್ಷ ಆಯ್ತು. ಆಗ ಯಾರೂ ಬರಲಿಲ್ಲ,” ಎಂದಳು. “ಇವತ್ತು ಹೋದದ್ದು ನನ್ನ ಗಂಡ. ಅವರನ್ನು ನಿಮಗೆ ಗೊತ್ತಿಲ್ಲ.”

ಅವನು ಹಾರ ಹಿಡಿದುಕೊಂಡು ಹಾಗೆಯೇ ನಿಂತ. ಅಕ್ಕ ನನ್ನ ಕಡೆ ತಿರುಗಿ, “ಮೀಯಿಸುವ ನೀರು ಬಿಸಿ ಆಯ್ತಾ ನೋಡು. ಅವರಿಗೆ ತಣ್ಣೀರು ಆಗುವುದಿಲ್ಲ,” ಎಂದಳು.